ಕಾಕು ಮತ್ತು ಮಲಗಿದ ರಾಜಕುಮಾರಿ

ಆ ಮಾತನ್ನು ಕಾಕು ನಿಜವಾಗಿ ಹೇಳಿದ್ದಳೋ, ಇಲ್ಲಾ ನಾನೇ ಆಮೇಲೆ ಕಟ್ಟಿಕೊಂಡೆನೋ, ಇವತ್ತಿಗೂ ಖಚಿತವಿಲ್ಲ. ಈಚೆಗೆ ಪೆಟ್ಟಿಗೆಯೊಂದನ್ನು ಖಾಲಿ ಮಾಡುವಾಗ ಹಳೆಯ ಪ್ರದರ್ಶನದ ಚೀಟಿ ಸಿಕ್ಕಿತು. ಸೀರೆಯ ಗಂಜಿಯ ಹುಳಿ ವಾಸನೆ ಅದಕ್ಕೆ ಇನ್ನೂ ಅಂಟಿತ್ತು. ಅಥವಾ ಅಂಟಿದೆ ಎಂದು ನನಗನ್ನಿಸಿತು... ಅದರಲ್ಲಿ ಇದ್ದದ್ದು ಎರಡೇ ಸಾಲು. ನೇಯ್ದವರು, ಬನಹಟ್ಟಿಯ ಒಬ್ಬ ದಿವಂಗತ ನೇಕಾರರು. ಕಂಡಿಕೆ ಸುತ್ತಿದವರು, ಅವರ ಪತ್ನಿ.

ಆ ಪತ್ನಿಯೇ ಕಾಕು, ನಾನು ಚಿಕ್ಕಮ್ಮನೆಂದು ಹಾಗೆ ಕರೆಯುತ್ತಿದ್ದ ಪಕ್ಕದ ಮನೆಯವಳು. ಗಂಡ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದಷ್ಟು ಎತ್ತರದ ಆಳು. ಕಾಕು ಆತನ ಎದೆಮಟ್ಟ. ನಮ್ಮ ಓಣಿಯಲ್ಲಿ ಗಂಡಸರು ಮಗ್ಗದ ಕೆಳಗಿನ ಗುಂಡಿಯಲ್ಲಿ, ಅಂದರೆ ಕುಣಿಯಲ್ಲಿ, ಕಾಲಿಳಿಬಿಟ್ಟು ನೇಯುತ್ತಿದ್ದರು. ಹೆಂಗಸರು ಹೊರಗೆ ಕೂತು ರಾಟಿಯಲ್ಲಿ ನೂಲನ್ನು ಲಾಳಿಯೊಳಗೆ ಕೂರುವ ಕಂಡಿಕೆಗೆ ಸುತ್ತುತ್ತಿದ್ದರು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಆ ಪದ್ಧತಿ ಮುರಿದದ್ದನ್ನು ಯಾರೂ ಕಂಡಿರಲೂ ಇಲ್ಲ.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಜಮಖಂಡಿಯ ಸಭಾಂಗಣವೊಂದರಲ್ಲಿ ಪ್ರದರ್ಶನ ರೂಪಿಸುವ ಕೆಲಸ ಸಿಕ್ಕಿತು. ಕದಿರು ಚುಚ್ಚಿ ನೂರು ವರ್ಷ ಮಲಗಿ, ರಾಜಕುಮಾರ ಬಂದ ಮೇಲಷ್ಟೇ ಏಳುವ ರಾಜಕುಮಾರಿಯ ಕಥೆಯನ್ನು ತಿರುವಿ ಹೇಳಬೇಕೆಂಬುದು ನನ್ನ ಹಟ. ನನ್ನ ಚಿತ್ರಗಳಲ್ಲಿ ರಾಜಕುಮಾರನಿರಲಿಲ್ಲ. ಅವಳು ತಾನೇ ಎದ್ದು ಕದಿರನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಕೊನೆಯ ಅಂಕಣದಲ್ಲಿ ಇಡಲು ಒಂದು ರಾಟಿ, ಒಂದು ಸೀರೆ ಬೇಕೆಂದು ಕಾಕುವಿನ ಮನೆಗೆ ಹೋದೆ. ಕಥೆಯನ್ನೂ ಹೇಳಿದೆ. ಆಕೆ ರಾಟಿ ನಿಲ್ಲಿಸದೆ ಕೇಳಿದಳು.

"ನೂರು ವರ್ಷ ಮಲಗಿದ್ಲಾ? ಆಕಿಗೆ ಅತ್ತಿ ಇರಲಿಲ್ಲ ಕಾಣಸ್ತದ," ಎಂದು ನಕ್ಕಳು. ಆಮೇಲೆ, "ಅಲ್ಲಿ ತನಾ ಕಂಡಿಕಿ ಯಾರ ಸುತ್ತಿದ್ರೋ ತಮ್ಮಾ?"

ನಾನೂ ನಕ್ಕೆ.

ಗಂಡ ಸತ್ತು ಆಗ ಮೂರು ತಿಂಗಳು. ಮಗ್ಗ ನೇಕಾರರ ಸಂಘದ್ದು. ನೇಯುವವನಿಲ್ಲದ ಮನೆಯಿಂದ ಅದನ್ನು ವಾಪಸು ಒಯ್ಯುವುದು ರೂಢಿ. ಗಂಡನ ಕೈ ನಡುಗಲು ಶುರುವಾದ ಮೇಲೆ, ಆತನ ಮರ್ಯಾದೆ ಉಳಿಯಲೆಂದು ಬಾಗಿಲು ಹಾಕಿಕೊಂಡು ನಾಲ್ಕು ವರ್ಷ ನೇಯ್ದವಳು ತಾನೇ ಎಂದು ಕಾಕು ಹೇಳಿದಳು. ನನಗೆ ಕೊಟ್ಟ ಸೀರೆಯೂ ತನ್ನದೇ ನೇಯ್ಗೆಯೆಂದಳು. ಸಂಘದ ಅಧ್ಯಕ್ಷರು ಉದ್ಘಾಟನೆಗೆ ಬರುವುದು ಆಕೆಗೆ ಗೊತ್ತಿತ್ತು.

"ಚೀಟ್ಯಾಗ ನನ್ನ ಹೆಸರ ಬರಿ. ನಾ ಹೇಳಿದ್ರ ನಂಬಂಗಿಲ್ಲ, ನೀ ಬರದದ್ದ ನಂಬ್ತಾರ. ಮಗ್ಗ ಉಳೀತದ."

ಸಾಕ್ಷಿಯಿಲ್ಲದ್ದನ್ನು ಬರೆಯಬಾರದೆಂದು ವಿಶ್ವವಿದ್ಯಾಲಯ ಕಲಿಸಿತ್ತು. ಓಣಿಯಲ್ಲಿ ನಾಲ್ವರನ್ನು ವಿಚಾರಿಸಿದೆ, ಯಾರೂ ಒಪ್ಪಲಿಲ್ಲ. ನಾಲ್ವರೂ ಗಂಡಸರು ಎಂಬುದು ಆಗ ಹೊಳೆಯಲೇ ಇಲ್ಲ. ಹೆಂಗಸರು ಕುಣಿಗಿಳಿದರೆ ಕಂಡಿಕೆ ನೀನು ಸುತ್ತುತ್ತೀಯೇನಲೇ ಎಂದು ಒಬ್ಬ ಅಣಕಿಸಿದ. ನೇಯ್ದವನು ಗಂಡನೆಂದೇ ಚೀಟಿ ಅಚ್ಚಾಯಿತು.

ಕಾಕು ಇನ್ನೊಂದು ಮಾತನ್ನೂ ಹೇಳಿದ್ದಳೆಂದು ನನ್ನ ನೆನಪು, ಖಚಿತವಿಲ್ಲ ಎಂದೆನಲ್ಲ, ಅದೇ. "ಕುಣಿ ನಮ್ಮನಿಯವರ ಕಾಲಿನ ಅಳತಿದು. ನನ್ನ ಕಾಲ ನಿಲಕಲಿಲ್ಲಂತ ತುಳಿಯೂ ಹಲಗಿ ಮ್ಯಾಲ ಕಟ್ಟಿಗಿ ತುಂಡ ಕಟ್ಟೀನಿ. ಇಳದ ನೋಡ ಬೇಕಾದ್ರ." ನಾನು ಇಳಿದು ನೋಡಲಿಲ್ಲ. ಆಕೆ ಹೇಳಿದ್ದು ಚೀಟಿ ಅಚ್ಚಾಗುವ ಮೊದಲೋ, ಆಮೇಲೋ... ಅಥವಾ ಹೇಳಿಯೇ ಇರಲಿಲ್ಲವೋ.

ಉದ್ಘಾಟನೆಯ ದಿನ ಅಧ್ಯಕ್ಷರು ಸೀರೆಯ ಮುಂದೆ ನಿಂತು ಚೀಟಿಯನ್ನು ದೊಡ್ಡ ದನಿಯಲ್ಲಿ ಓದಿದರು. "ಏನ ಕೈ ಇತ್ರೀ ಅವಂದು," ಎಂದರು. ಕಾಕು ಪಕ್ಕದಲ್ಲೇ ಇದ್ದಳು. ನಾಲ್ಕನೇ ಇಯತ್ತೆ ಓದಿದವಳು. ತುಟಿ ಅಲುಗಿಸುತ್ತಾ ತಾನೂ ಓದಿಕೊಂಡಳು. ಸೆರಗು ಸರಿಮಾಡಿಕೊಂಡಳು. ಬನಹಟ್ಟಿಯ ಬಸ್ಸಿನಲ್ಲಿ ಊರು ಹತ್ತಿರ ಬಂದಾಗ ಆಕೆ ಅಂದದ್ದು ಇಷ್ಟೇ. "ನೀ ಓದಿದಾಂವ. ನೀನೂ ಹಂಗ ಬರದಿ."

ತಿದ್ದುತ್ತೇನೆ ಎಂದೆ. ಮುಧೋಳ, ಬೀಳಗಿಗೆ ಪ್ರದರ್ಶನ ಹೋದಾಗಲೂ ಅದೇ ಚೀಟಿ ಹೋಯಿತು. ಅಷ್ಟರಲ್ಲಿ ಸಂಘದವರು ಟ್ರ್ಯಾಕ್ಟರಿನಲ್ಲಿ ಮಗ್ಗವನ್ನು ಹೇರಿಕೊಂಡು ಹೋಗಿದ್ದರು. ಕುಣಿಗೆ ಕಾಕು ತಾನೇ ಮಣ್ಣು ತುಂಬಿದಳು. ಉಳಿದ ವರ್ಷಗಳನ್ನು ಬೇರೆಯವರ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ, ನೂಲಿನ ಧೂಳಿನಲ್ಲಿ ಕೆಮ್ಮುತ್ತಾ, ಕಂಡಿಕೆ ಸುತ್ತಿ ಕಳೆದಳು. ಸತ್ತ ಸುದ್ದಿ ನನಗೆ ತಡವಾಗಿ ತಿಳಿಯಿತು. ಇನ್ನು ತಿದ್ದಿದರೂ ಓದಬೇಕಾದವಳು ಇಲ್ಲ.

ಚೀಟಿ ಸಿಕ್ಕ ವಾರ ಸಂಘದ ಗೋದಾಮಿಗೆ ಹೋದೆ. ಆಕೆಯ ಮನೆಯ ಮಗ್ಗ ಯಾರಿಗೂ ಹಂಚಿಕೆಯಾಗದೆ ಮೂಲೆಯಲ್ಲಿ ಬಿಚ್ಚಿ ಬಿದ್ದಿದೆ ಎಂದು ಕಾವಲುಗಾರ ತೋರಿಸಿದ. ತುಳಿಯುವ ಹಲಗೆಯನ್ನು ಎಳೆದು ಬೆಳಕಿಗೆ ತಂದೆ. ಅದರ ಮೇಲೆ ನಾಲ್ಕು ಬೆರಳು ದಪ್ಪದ ಕಟ್ಟಿಗೆಯ ತುಂಡು, ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ್ದು. ನಡುವೆ ಸಣ್ಣ ಅಂಗಾಲೊಂದು ಸವೆಸಿದ ತಗ್ಗು.