ಕಯಾಕ್ ಏರಿದ ಎನೋಕ್

ಪೂರ್ವ ಗ್ರೀನ್‌ಲ್ಯಾಂಡಿನ ನಮ್ಮ ಇನುಯಿಟ್ ಜನರ ಊರಿನಲ್ಲಿ ಎನೋಕ್‌ನಷ್ಟು ದೊಡ್ಡ ಬೇಟೆಗಾರ ಇನ್ನೊಬ್ಬನಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಸೀಲ್ ಬೇಟೆಗೆ ಅವನು ಹೋಗುತ್ತಿದ್ದದ್ದು ನಮ್ಮೆಲ್ಲರಂತೆ ಮೋಟಾರು ದೋಣಿಯಲ್ಲಿ. ಸೊಂಟ ಮಾತ್ರ ತೂರುವ ಚರ್ಮದ ಕಿರುದೋಣಿ ಕಯಾಕಿನಲ್ಲಿ ಕೂತು ಹುಟ್ಟು ಹಾಕಿದವನು ಅವನ ತಾತ. ಆದರೂ ಆಗಸ್ಟಿನಲ್ಲಿ ಪ್ರವಾಸಿಗರ ಹಡಗು ಬಂದು ನಿಂತು, ಅದರ ಮಾರ್ಗದರ್ಶಿ ಫ್ರೀಡಾ, "ಕಯಾಕ್ ಬಲ್ಲವರು ಯಾರಾದ್ರೂ ಇದ್ದೀರಾ? ನಮ್ಮ ಅತಿಥಿಗಳಿಗೆ ಅಸಲಿ ಇನುಯಿಟ್ ಬೇಟೆಗಾರನೇ ಬೇಕಂತೆ" ಎಂದಾಗ ಎನೋಕ್ ಎದೆಯುಬ್ಬಿಸಿ ಮುಂದೆ ಬಂದ.

"ಮಾರಾಯ, ನಿನ್ನ ಹೊಟ್ಟೆ ಅದರೊಳಗೆ ತೂರತ್ತಾ?" ಎಂದಳು ಹೆಂಡತಿ ಬೊಲೆಟ್ಟೆ.

"ನಮಗದು ರಕ್ತದಲ್ಲೇ ಬಂದಿದೆ ಕಣೇ."

"ನಿನ್ನ ರಕ್ತದಲ್ಲಿ ಬಂದಿರೋದು ಸಕ್ಕರೆ ಕಾಯಿಲೆ."

ಬೆಳಿಗ್ಗೆ ಚಾರಣ. ಕೆಂಪು ಜಾಕೆಟ್ಟು ತೊಟ್ಟ ಅತಿಥಿಗಳು ನಮ್ಮ ಮನೆಗಳ ಹಿಂದಿನ ಗುಡ್ಡ ಹತ್ತಿದರು. ಕರಡಿ ಬಂದೀತೆಂದು ನಾನೂ ಎನೋಕನೂ ಬಂದೂಕು ಹಿಡಿದು ಜೊತೆಗೆ ಹೋದೆವು. ಅವರು ಫೋಟೊಗಾಗಿ ಪಾಚಿಯ ಮುಂದೆ ಮಂಡಿಯೂರಿದರು. ತಂತಿಯ ಮೇಲೆ ಒಣಗುತ್ತಿದ್ದ ಬೊಲೆಟ್ಟೆಯ ಒಳಲಂಗದ ಫೋಟೊವನ್ನೂ ಬಿಡದೆ ತೆಗೆದರು. ಒಬ್ಬಾಕೆ "ಆಹಾ, ಎಂಥಾ ನಿಶ್ಶಬ್ದ!" ಎಂದವಳು ಗುಡ್ಡ ಇಳಿಯುವತನಕ ಮಾತಾಡುತ್ತಲೇ ಇದ್ದಳು. ಎನೋಕ್ ಮೂಗೆತ್ತಿ ಗಾಳಿ ಮೂಸಿ, "ಹತ್ತಿರದಲ್ಲಿ ಕರಡಿ ಇಲ್ಲ" ಎಂದು ಗಂಭೀರವಾಗಿ ಸಾರಿದ. ಎಲ್ಲರೂ ಬೆರಗಾದರು. ಅವನಿಗೆ ಆಗ ಜೋರು ನೆಗಡಿ.

ಮಧ್ಯಾಹ್ನ ಕಯಾಕ್. ಹಡಗಿನವರದು ಪ್ಲಾಸ್ಟಿಕ್ಕಿನದು. ಇಬ್ಬರು ನಾವಿಕರು ಎನೋಕನನ್ನು ಮೂಟೆಯಂತೆ ಅದರೊಳಗೆ ತುರುಕಿದರು. ಎಡಕ್ಕೊಮ್ಮೆ ಹುಟ್ಟು ಹಾಕಿದ, ಬಲಕ್ಕೆ ವಾಲಿದ, ಮಗುಚಿಕೊಂಡ. ನೀರಿನ ಮೇಲೆ ಕಯಾಕಿನ ತಳ ಮಾತ್ರ ಕಾಣುತ್ತಿತ್ತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಇನುಯಿಟರು ಕಯಾಕ್ ಸಮೇತ ಮುಳುಗಿ ಇನ್ನೊಂದು ಪಕ್ಕದಿಂದ ಏಳುವ ವಿದ್ಯೆಯ ಬಗ್ಗೆ ಅವರು ಓದಿಕೊಂಡು ಬಂದಿದ್ದರು. ಎನೋಕ್ ಮಾತ್ರ ಏಳಲೇ ಇಲ್ಲ.

ಪಕ್ಕದಲ್ಲೇ ಮೋಟಾರು ದೋಣಿಯಲ್ಲಿದ್ದ ನಾನು ನುಗ್ಗಿ ಅವನ ಕತ್ತಿನ ಪಟ್ಟಿ ಹಿಡಿದೆತ್ತಿದೆ. ಕಯಾಕೂ ಸೊಂಟಕ್ಕೆ ಕಚ್ಚಿಕೊಂಡೇ ಮೇಲೆ ಬಂತು. ತುಟಿ ನೀಲಿಗಟ್ಟಿತ್ತು. "ಬಿಡಬೇಡ್ವೋ, ನಿನ್ನ ಕಾಲಿಗೆ ಬೀಳ್ತೀನಿ" ಎಂದ. ಅಷ್ಟು ವಿನಯದಿಂದ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದಡದಲ್ಲಿ ನಾಲ್ವರು ಸೇರಿ ಎಳೆದಾಗ ಅವನು ಹೊರಬಂದ, ಪ್ಯಾಂಟು ಒಳಗೇ ಉಳಿಯಿತು. ಒಬ್ಬ ಅತಿಥಿ ಕ್ಯಾಮೆರಾ ಇಳಿಸದೆಯೇ ಕೇಳಿದ: "ಇದೂ ನಿಮ್ಮ ಸಂಪ್ರದಾಯಾನಾ?"

"ಹೌದು ಸ್ವಾಮಿ," ಬೊಲೆಟ್ಟೆ ಗಂಡನಿಗೆ ಕಂಬಳಿ ಹೊದಿಸುತ್ತ ಹೇಳಿದಳು, "ಗಂಡಸರ ಸಂಪ್ರದಾಯ. ನಿಮ್ಮ ಕಡೆ ಇಲ್ವಾ?"

ಹಡಗು ಹೋಯಿತು. ಎನೋಕ್ ಕೆಲವು ದಿನ ಊರವರು ಸೇರುವ ಅಂಗಡಿಯ ಕಡೆ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ಮೋಟಾರು ದೋಣಿಯಲ್ಲಿ ಹೋಗಿ ದೊಡ್ಡದೊಂದು ಸೀಲ್ ಹೊಡೆದು ತಂದು ಮನೆಮನೆಗೂ ಮಾಂಸ ಹಂಚಿದ. ಬಾಯಿ ತುಂಬಿದವರು ನಗಲಾರರೆಂದು ಅವನ ಎಣಿಕೆ. ತಿನ್ನುವುದು, ನಗುವುದು ಎರಡನ್ನೂ ನಾವು ಹೇಗೋ ನಿಭಾಯಿಸಿದೆವು.