ಸಂಚಿಯೊಳಗಿನ ಗುಳಿಗೆ

ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವಳು. ಈಗ ನೀವು ನಕ್ಕರೂ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ನನ್ನ ಗಂಡನ ಮನೆ. ಮದುವೆಯಾಗಿ ಕೆಲವು ವರ್ಷಕ್ಕೆ ನನ್ನ ಮನಸ್ಸು ಕೆಟ್ಟುಹೋಯಿತು. ಕಾರಣ ಕೇಳಬೇಡಿ, ಇದ್ದರೆ ತಾನೆ ಹೇಳಲಿಕ್ಕೆ! ಒಳ್ಳೆಯ ಗಂಡ, ನನ್ನ ಮೇಲೆ ಜೀವ ಇಟ್ಟ ಅತ್ತೆ, ಹೊಲ, ಎಮ್ಮೆ ಎಲ್ಲ ಇದ್ದವು. ಆದರೂ ಯಾಕಾದರೂ ಬೆಳಗಾಯಿತೋ ಅನಿಸುತ್ತಿತ್ತು. ಗಾಳಿ ಬಡಿದಿದೆ ಎಂದು ನಾದಿನಿ ಘತ್ತರಗಿಗೆ ಕರೆದೊಯ್ದಳು. ಅಲ್ಲಿನ ದೇವಿ ಭಾಗ್ಯವಂತಿಯ ಮುಂದೆ ಕೂತು ಅತ್ತು ಬಂದೆ, ಅಷ್ಟೇ. ಕೊನೆಗೆ ಅತ್ತೆಯೇ ಹಟ ಹಿಡಿದು ಗುಲಬರ್ಗಾದ ಡಾಕ್ಟರರ ಬಳಿ ಕರೆದೊಯ್ದರು.

ಡಾಕ್ಟರು ಮನಸ್ಸಿನ ಕಾಯಿಲೆಗೆಂದು ಗುಳಿಗೆ ಬರೆದರು. ಗುಣ ಕಾಣಲು ವಾರಗಳು ಬೇಕು, ಆರಾಮಾಯಿತೆಂದು ಒಮ್ಮೆಲೇ ಬಿಡಬಾರದು, ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಇವು ನಿಮ್ಮ ಕೈಯಾಗೇ ಇರ್ಲಿ ಅವ್ವಾರ, ಆಕಿ ಕೈಗೆ ಕೊಡಬ್ಯಾಡ್ರಿ" ಎಂದರು. ಯಾಕೆಂದು ಮೂವರಿಗೂ ಗೊತ್ತಿತ್ತು.

ಅತ್ತೆ ಆ ಪೊಟ್ಟಣವನ್ನು ತಮ್ಮ ಎಲೆ-ಅಡಿಕೆಯ ಸಂಚಿಯೊಳಗೆ ಸೇರಿಸಿದರು. ಆ ಬಟ್ಟೆಯ ಚೀಲ ಅವರ ಸೊಂಟ ಬಿಟ್ಟು ಇಳಿದದ್ದೇ ಇಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಗುಳಿಗೆ ತೆಗೆದು ಕೊಡುವರು. ಕಾಚಿನ ಪುಡಿ ಮೆತ್ತಿ ಅದು ಕೆಂಪಗಾಗಿರುತ್ತಿತ್ತು. ನುಂಗಿದ ಮೇಲೆ, "ಬಾಯಿ ತಗಿ ಬೇ, ನೋಡ್ತೇನಿ" ಎನ್ನುವರು. ನಾಲಿಗೆ ಎತ್ತಿಸಿ ನೋಡಿಯೇ ಬಿಡುವರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ರೊಟ್ಟಿ ಬಡಿಯುತ್ತ ಹಾಡು ಗುನುಗುವಷ್ಟಾಗಿದ್ದೆ.

ಅಷ್ಟರಲ್ಲಿ ಅತ್ತೆ ತೀರಿಕೊಂಡರು. ಜಳಕ ಮಾಡಿ ಬಂದು ಎದೆ ಹಿಡಿದು ಕುಂತವರು ಏಳಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. "ಅವ್ವನ ಸಂಚಿ ಅವ್ವನ ಮಗ್ಗಲಾಗೇ ಇರ್ಲಿ" ಎಂದು ನಾದಿನಿ ಅಳುತ್ತ ಅದನ್ನು ಕುಣಿಯೊಳಗೆ ಇಡಿಸಿದಳು. ಅದರಲ್ಲಿ ಏನಿದೆಯೆಂದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ದೀಪ ಹಚ್ಚುವಾಗ ನನಗೆ ಹೊಳೆಯಿತು. ಗಂಡನಿಗೆ ಹೇಳಿದೆ. "ಆರಾಮ ಆಗಿದಿ, ಇನ್ಯಾಕ ಗುಳಿಗಿ? ಹೋದ್ರ ಹೋಗ್ಲಿ ಬಿಡು" ಎಂದರು.

ಕೆಲವೇ ದಿನಗಳಲ್ಲಿ ತಲೆ ತಿರುಗತೊಡಗಿತು, ವಾಂತಿಯಾಯಿತು, ನಿದ್ದೆ ಹಾರಿಹೋಯಿತು. ಹಿಂದೆಯೇ ಹಳೆಯ ಸಂಕಟ ಮರಳಿತು, ಮೊದಲಿಗಿಂತ ಜೋರಾಗಿ. ಅತ್ತೆ ಹೋದ ದುಃಖ ಎಂದುಕೊಂಡರು ಎಲ್ಲರೂ. ಒಂದು ಸಂಜೆ ಎಮ್ಮೆ ಕಟ್ಟಿ ಸೀದಾ ಹೊಲದ ಬಾವಿಯ ಕಡೆ ನಡೆದೆ. ಬದುಕು ಸಾಕಾಗಿತ್ತು.

ಬಾವಿ ಇನ್ನೇನು ಬಂತು ಅನ್ನುವಾಗ ಎಲೆ, ಕಾಚು, ಲವಂಗದ ವಾಸನೆ ಬಡಿಯಿತು. ಬೆನ್ನ ಹಿಂದೆಯೇ ಅತ್ತೆಯ ದನಿ: "ಬಾಯಿ ತಗಿ ಬೇ, ನೋಡ್ತೇನಿ." ತಿರುಗಿದೆ. ಜೋಳದ ಬೆಳೆ ಬಿಟ್ಟರೆ ಯಾರೂ ಇಲ್ಲ. ಅಯ್ಯೋ ಶಿವನೇ! ಸೀರೆ ಎತ್ತಿ ಹಿಡಿದು ಮನೆಗೆ ಓಡಿದೆ. ಗೋಡೆಯಲ್ಲಿನ ದೀಪದ ಮಾಡದಲ್ಲಿ, ಬೆಳಿಗ್ಗೆ ನಾನೇ ಒರೆಸಿದ ಜಾಗದಲ್ಲಿ, ಒಂದು ಗುಳಿಗೆ ಇತ್ತು. ಕಾಚು ಮೆತ್ತಿ ಕೆಂಪಗಾಗಿತ್ತು.

ಅದನ್ನು ನುಂಗಲಿಲ್ಲ. ಅಂಗೈಯಲ್ಲಿ ಹಿಡಿದು ಗಂಡನ ಮುಂದೆ ಬಾವಿಯ ಮಾತೂ ಹೇಳಿ ಗೋಳಾಡಿದೆ. ಮರುದಿನವೇ ಗುಲಬರ್ಗಾಕ್ಕೆ ಹೋದೆವು. ಡಾಕ್ಟರು ನಮ್ಮವರನ್ನು ಬೈದು, ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿಸಿದರು. ಆ ಗುಳಿಗೆಯನ್ನು ಹೊರಳಿಸಿ ನೋಡಿ, "ಎಂದೋ ಬಿದ್ದಿದ್ದು ಅಲ್ಲೇ ಉಳಿದಿರಬೇಕು" ಎಂದರು. ಇರಬಹುದು. ಆದರೆ ಅತ್ತೆ ಗುಳಿಗೆಯನ್ನು ನನ್ನ ಕೈಯಲ್ಲಲ್ಲದೆ ಇನ್ನೆಲ್ಲೂ ಇಟ್ಟದ್ದನ್ನು ನಾನು ಕಂಡಿಲ್ಲ. ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಮನಸ್ಸು ನೆಟ್ಟಗಾಯಿತೇ ಎಂದು ಕೇಳುತ್ತೀರಿ. ಇಲ್ಲ. ಬದುಕಿದ್ದೇನೆ, ಅಷ್ಟೇ. ಈಗ ಗುಳಿಗೆಗಳು ಗಂಡನ ಹತ್ತಿರ ಇರುತ್ತವೆ. ಕೊಟ್ಟು ಆ ಕಡೆ ಹೋಗಿಬಿಡುತ್ತಾರೆ. ಆ ವಾಸನೆ ಮತ್ತೆಂದೂ ಬರಲಿಲ್ಲ, ತೀರಾ ಕೆಟ್ಟ ದಿನಗಳಲ್ಲೂ ಬರಲಿಲ್ಲ. ಆದರೂ ಗುಳಿಗೆ ನುಂಗಿದ ಮೇಲೆ ದೀಪದ ಕಡೆ ಮುಖ ಮಾಡಿ ಬಾಯಿ ತೆರೆದು ನಿಲ್ಲುತ್ತೇನೆ. ನಾಲಿಗೆಯನ್ನೂ ಎತ್ತುತ್ತೇನೆ. ನೋಡುವವರು ಯಾರೂ ಇಲ್ಲ.