ನುಂಗಿದ ‘ಗೆ’ಯನ್ನು ಕಕ್ಕಿಸಿದ ಹುಲಿಯಮ್ಮ

ಅಜ್ಜಂಪುರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೀರೂರು ಕಡೆಯಿಂದ ಬಂದ ರೈಲು ಒಮ್ಮೆ ಕೂಗಿ ಮುಂದಕ್ಕೆ ಹೋಗಿದೆ. ಬಾಡಿಗೆಯ ಒಂಟಿ ಕೋಣೆಯಲ್ಲಿ ಹುಲಿಯಮ್ಮ ಸೀಮೆಎಣ್ಣೆ ಸ್ಟವ್‌ಗೆ ಪಂಪು ಹೊಡೆಯುತ್ತಿದ್ದಾರೆ. ಒಲೆಯ ಮೇಲಿರುವುದು ಕಾಫಿಯಲ್ಲ, ಗಾಜಿನ ಸಿರಿಂಜುಗಳು. ನೀರು ಕುದಿಯುತ್ತಿದ್ದಂತೆ ಅವು ಪಾತ್ರೆಯ ತಳಕ್ಕೆ ಬಡಿದು ಕಿಣಿಕಿಣಿ ಅನ್ನುತ್ತವೆ. ಊರಿಗೆ ಹೋದ ಮೇಲೆ ತಾಯಂದಿರ ಕಣ್ಣೆದುರೇ ಇವನ್ನು ಮತ್ತೊಮ್ಮೆ ಕುದಿಸಬೇಕು. ಎರಡೆರಡು ಸಲ ಯಾಕೆ ಎಂದರೆ ಹುಲಿಯಮ್ಮ ತಲೆ ಎತ್ತದೆಯೇ ಹೇಳುತ್ತಾರೆ: “ಇಲ್ಲಿ ಕುದ್ಸೋದು ರೋಗಕ್ಕೆ. ಅಲ್ಲಿ ಕುದ್ಸೋದು ಅನುಮಾನಕ್ಕೆ.”

ಹುಲಿಯಮ್ಮ ಊರೂರಿಗೆ ಹೋಗಿ ಹೆರಿಗೆ ಮಾಡಿಸುವ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ಸರ್ಕಾರಿ ನರ್ಸು. ಆಸ್ಪತ್ರೆಯ ಫ್ರಿಜ್ಜಿನಿಂದ ಔಷಧದ ಸೀಸೆಗಳನ್ನು ತೆಗೆದು, ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಐಸಿನ ನಡುವೆ ಇಟ್ಟು, ತರೀಕೆರೆ ಬಸ್ಸು ಹಿಡಿಯುತ್ತಾರೆ. ಅರ್ಧ ದಾರಿಯಲ್ಲಿ ಇಳಿದು, ಫ್ಲಾಸ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಾರೆ. ಬಿಸಿಲು ಏರಿ ಐಸು ಕರಗಿದರೆ ಔಷಧ ಕೆಡುತ್ತದೆ. ಹಾಗಾಗಿ ಅವರದು ನಡಿಗೆಯಲ್ಲ, ಓಟಕ್ಕೆ ಸ್ವಲ್ಪ ಕಡಿಮೆ.

ಇವತ್ತು ಹೊರಟಿರುವುದು ಬೂದಿಕಟ್ಟೆಗೆ. ಅಲ್ಲಿನ ಮಕ್ಕಳಿಗೆಲ್ಲ ಇದು ಮೂರನೆಯ, ಕೊನೆಯ ಸೂಜಿ. ಒಂದು ಮಗುವಿಗೆ ಮಾತ್ರ ಮೊದಲನೆಯದೂ ಆಗಿಲ್ಲ. ಊರ ಯಜಮಾನ ಸೋಮಶೇಖರಪ್ಪನವರ ಮೊಮ್ಮಗ, ಈಗಷ್ಟೇ ತೆವಳುತ್ತಿರುವ ಕೂಸು. ಪಕ್ಕದ ಹಟ್ಟಿಯಲ್ಲಿ ನಾಯಿಕೆಮ್ಮು ಶುರುವಾಗಿದೆ. ಹಟ್ಟಿಗೂ ಬೂದಿಕಟ್ಟೆಗೂ ನಡುವೆ ಇರುವುದು ಒಂದು ರಾಗಿ ಹೊಲ. ಕೆಮ್ಮಿಗೆ ಹೊಲ ದಾಟುವುದು ಯಾವ ಲೆಕ್ಕ?

“ಆ ಮನೇಗೆ ಹೋಗ್ಬೇಡ, ತಂಟೆ ಅಂತ ಆಸ್ಪತ್ರೇಲಿ ಅಂತಾರೆ. ತಂಟೆ ದೊಡ್ಡೋರ್ದು. ಕೂಸು ಏನ್ ತಂಟೆ ಮಾಡೈತೆ?” ಎನ್ನುತ್ತಾರೆ ಹುಲಿಯಮ್ಮ.

ಈ ತಂಟೆಯ ಮೂಲ ಒಂದೇ ಒಂದು ಅಕ್ಷರ. ಹೋದ ವರ್ಷ ಬೂದಿಕಟ್ಟೆಯಲ್ಲಿ ಮೊದಲ ಸಲ ಸೂಜಿ ಹಾಕುವುದೆಂದಾಗ, ಹಿಂದಿನ ಸಂಜೆ ತಮಟೆ ಹೊಡೆದು ಸಾರಲು ಕಲ್ಲಪ್ಪನಿಗೆ ಹೇಳಿದ್ದರು. ಮುಂದಿನ ಹಲ್ಲು ಬಿದ್ದ ಮುದುಕ. ದನಿ ಮಾತ್ರ ಕೆರೆಯ ಆಚೆ ದಡಕ್ಕೂ ಕೇಳುತ್ತದೆ. ‘ನಾಯಿಕೆಮ್ಮು ಮಕ್ಕಳಿಗೆ ಆಗದಂಗೆ ಸೂಜಿ ಹಾಕ್ತಾರೆ’ ಎಂದು ಸಾರು ಅಂದಿದ್ದರು ಹುಲಿಯಮ್ಮ. ಕಲ್ಲಪ್ಪ ಮೊದಲ ಬೀದಿಯಲ್ಲಿ ಸರಿಯಾಗಿಯೇ ಸಾರಿದ. ಎರಡನೆಯ ಬೀದಿಗೆ ಬರುವಾಗ ಉಸಿರು ಕಟ್ಟಿತು, ನಾಯಿಕೆಮ್ಮನ್ನು ಬಿಟ್ಟ. ಮೂರನೆಯ ಬೀದಿಯಲ್ಲಿ ‘ಗೆ’ಯನ್ನೂ ನುಂಗಿದ.

“ಕೇಳ್ರಪ್ಪೋ! ನಾಳೆ ಬೆಳಿಗ್ಗೆ ಮಕ್ಳಾಗ್ದಂಗೆ ಸೂಜಿ ಹಾಕ್ತಾರೆ! ಎಲ್ರೂ ಬರ್ರಪ್ಪೋ!”

ಮಾರನೆಯ ಬೆಳಿಗ್ಗೆ ಹುಲಿಯಮ್ಮ ಬಂದಾಗ ಊರಿನಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಗಂಡಸರು ಜೋಳದ ಹೊಲದೊಳಗೆ. ಹೆಂಗಸರು ಒಳಗಿನಿಂದ ಅಗಳಿ ಹಾಕಿಕೊಂಡು ಮಕ್ಕಳ ಬಾಯಿ ಮುಚ್ಚಿ ಕೂತಿದ್ದರು.

ಕಲ್ಲಪ್ಪ ನುಂಗಿದ್ದು ಒಂದೇ ಅಕ್ಷರ, ಆದರೆ ಊರು ಅದಕ್ಕೆ ಪುರಾಣವನ್ನೇ ಸೇರಿಸಿತು. ತರೀಕೆರೆಯಲ್ಲಿ ಸೂಜಿ ಹಾಕಿಸಿಕೊಂಡ ಹುಡುಗನ ದನಿ ಹೆಣ್ಣಾಯಿತಂತೆ. ತೋಳಿನ ಮೇಲಿನ ಗುರುತು ನೋಡಿ ಮುಂದೆ ಮಿಲಿಟರಿಗೆ ಹಿಡಿದೊಯ್ಯುತ್ತಾರಂತೆ. ಬಡವರ ಸಂತಾನ ಅಡಗಿಸಲು ದಿಲ್ಲಿಯಿಂದಲೇ ಔಷಧ ಬಂದಿದೆಯಂತೆ. ಹೇಳಿದವನು ಯಾರು? ಕಡೂರು ಸಂತೆಯಲ್ಲಿ ಸಿಕ್ಕವನು. ಅವನ ಹೆಸರೇನು? ಗೊತ್ತಿಲ್ಲ. ದನಿ ಹೆಣ್ಣಾದ ಹುಡುಗ ಯಾರ ಮಗ? ಅದೂ ಗೊತ್ತಿಲ್ಲ. ಹೆಸರಿಲ್ಲದವನ ಮಾತಿಗೆ ಊರಿಗೆ ಊರೇ ತಲೆಯಾಡಿಸಿತು. ಆ ಊರಿನ ಅರ್ಧ ಮಕ್ಕಳನ್ನು ತನ್ನ ಕೈಯಲ್ಲಿ ಹಿಡಿದು ಭೂಮಿಗೆ ತಂದವಳ ಮಾತಿಗೆ ಬಾಗಿಲು ಹಾಕಿತು. ಇದಕ್ಕೆ ಮುಗ್ಧತೆ ಎಂದು ಹೆಸರಿಟ್ಟು ಮುದ್ದಿಸುವವರಿದ್ದಾರೆ. ಮುಗ್ಧತೆಯಲ್ಲ ಇದು, ಮೊಂಡು.

ಆ ಚಳಿಗಾಲ ನಾಯಿಕೆಮ್ಮು ಬಂತು. ಚಿಕ್ಕಮ್ಮ ಎಂಬಾಕೆಯ ಕೂಸು ಕೆಮ್ಮಿ ಕೆಮ್ಮಿ ಉಸಿರೆಳೆದುಕೊಳ್ಳಲಾರದೆ ನೀಲಿಗಟ್ಟಿತು. ಹುಲಿಯಮ್ಮ ಗಾಡಿ ಹೂಡಿಸಿ ಆಸ್ಪತ್ರೆಗೆ ಹೊರಡಿಸಿದರು. ದಾರಿಯಲ್ಲೇ ಗಾಡಿ ಹಿಂದಿರುಗಿತು. ಹೆತ್ತವಳು ಅವರ ಕೈ ಹಿಡಿದು, “ಅವತ್ತು ಬಾಗ್ಲು ಒದ್ದಾದ್ರೂ ಒಳಗೆ ಬರಬಾರ್ದಿತ್ತೇನವ್ವಾ?” ಎಂದು ಕೇಳಿದಳು.

“ಅದೊಂದು ಮಾತು ನನ್ನ ಎದೇಲಿ ಕೂತ್ಬಿಡ್ತು ಕಣ್ರೀ. ಅವತ್ತಿಂದ ನಾನು ಬಾಗ್ಲು ಹಾಕಿದ್ರೆ ಹಿಂದಕ್ಕೆ ಬರಲ್ಲ. ಒದೆಯಲ್ಲ, ಆದ್ರೆ ಹೋಗೋದೂ ಇಲ್ಲ. ಕೂತ್ಕಂತೀನಿ.”

ಹೀಗೆ ಕೂರುವ ಗಟ್ಟಿತನ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಸಖರಾಯಪಟ್ಟಣದ ಕಡೆ ಹೋಗಬೇಕು. ಅಲ್ಲಿನ ಕೇರಿಯೊಂದರಲ್ಲಿ ಹುಟ್ಟಿದವರು ಹುಲಿಯಮ್ಮ. ಅಪ್ಪ ಗಿರಿಯಪ್ಪ ಕಂಡವರ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವರು. ಅಣ್ಣ ಜವರಯ್ಯ ಕಡೂರಿನಲ್ಲಿ ಕೊಬ್ಬರಿ ಮೂಟೆ ಹೊರುವ ಹಮಾಲಿ. ಆ ಬೆನ್ನಿನ ಮೇಲೆಯೇ ತಂಗಿ ಹತ್ತನೇ ಕ್ಲಾಸು ದಾಟಿದರು, ನರ್ಸು ತರಬೇತಿಗೂ ಸೇರಿದರು. ತರಬೇತಿಯಲ್ಲಿದ್ದಾಗಲೇ ಎಮರ್ಜೆನ್ಸಿ ಬಂತು. ಎಪ್ಪತ್ತಾರರಲ್ಲಿ ಒಂದು ದಿನ, ಮದುವೆಯಾಗಿ ಇನ್ನೂ ಅರಿಶಿನ ಮಾಸದ ಜವರಯ್ಯನನ್ನು ಸಂತೆಯಿಂದಲೇ ಜೀಪಿಗೆ ಹತ್ತಿಸಿಕೊಂಡು ಹೋದರು. ಎಷ್ಟು ಮಕ್ಕಳು ಎಂದು ಯಾರೂ ಕೇಳಲಿಲ್ಲ. ಹಿಡಿದೊಯ್ದವರಿಗೆ ಲೆಕ್ಕ ತುಂಬಿಸಲು ತಲೆ ಬೇಕಿತ್ತು, ತಲೆ ಸಿಕ್ಕಿತು. ಮಕ್ಕಳಾಗದ ಆಪರೇಷನ್ ಮುಗಿಸಿ ಕಳಿಸಿದರು. ತವರಿಗೆ ಹೋದ ಹೆಂಡತಿ ಮತ್ತೆ ಬರಲಿಲ್ಲ.

“ನಾನು ಆ ಕೆಲ್ಸಾನೇ ಬಿಡ್ತೀನಿ ಅಂತ ಓಡ್ಬಂದೆ. ಅಣ್ಣಯ್ಯ ಮನೆ ಒಳಕ್ಕೆ ಬಿಡ್ಲಿಲ್ಲ. ‘ಹೋಗೇ ಹುಲೀ, ನಂದಂತೂ ಹೋಯ್ತು, ನೀನೂ ಹಾಳಾಗ್ಬೇಡ. ನೀನು ಆ ನರ್ಸಮ್ಮನ ಸೀರೆ ಉಟ್ಕಂಡ್ ಬಾ. ಆಗ ಒಬ್ಬಳಾದ್ರೂ ಕೇಳಿ ಮುಟ್ಟೋಳು ಇರ್ತಾಳೆ’ ಅಂದ.”

ಹಾಗಾಗಿ ಬೂದಿಕಟ್ಟೆಯವರ ಭಯ ಹುಲಿಯಮ್ಮನಿಗೆ ಹೊಸದಲ್ಲ. ಮೇಲಿನವರು, ‘ಗಾಳಿಸುದ್ದಿ ನಂಬಬೇಡಿ ಎಂದು ಹೇಳಿ ಬಾ’ ಎನ್ನುತ್ತಾರೆ. ಹುಲಿಯಮ್ಮ ಹಾಗೆ ಹೇಳುವುದಿಲ್ಲ. “ಗಾಳಿಸುದ್ದಿ ಅಂದ್ರೆ ಅವ್ರು ನಗ್ತಾರೆ. ಜೀಪೇನು ಗಾಳೀಲಿ ಬಂದಿತ್ತಾ? ಭಯ ಸುಳ್ಳಲ್ಲ ಕಣ್ರೀ. ಭಯ ನಿಜ, ಅದು ಹುಡುಕ್ಕೊಂಡಿರೋ ಆಸಾಮಿ ಸುಳ್ಳು. ಕಚ್ಚಿದ ನಾಯಿ ಬಿಟ್ಟು ಕಾಯೋ ನಾಯೀಗೆ ಕಲ್ಲು ಹೊಡೀತಾವ್ರೆ.”

ಈ ಬೇಸಿಗೆಯಲ್ಲಿ ಅವರು ಯಾವ ಮೇಲಧಿಕಾರಿಯನ್ನೂ ಕೇಳದೆ ಒಂದು ಕೆಲಸ ಮಾಡಿದರು. ಅಣ್ಣನನ್ನೇ ಕರೆತಂದು ಬೂದಿಕಟ್ಟೆಯ ಅರಳಿಕಟ್ಟೆಯ ಮುಂದೆ ನಿಲ್ಲಿಸಿದರು. ಜವರಯ್ಯ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ಸ್ವಾಮಿ, ನೀವು ಹೆದರ್ಕಂಡಿರೋ ಆಪ್ರೇಸನ್ ಆಗಿರೋನು ನಾನು. ಒಂದ್ ಮಾತ್ ಕೇಳ್ತೀನಿ. ತೋಳಿಗೆ ಸೂಜಿ ಚುಚ್ಚಿದ್ರೆ ಮಕ್ಳಾಗೋದು ನಿಂತೋಗಂಗಿದ್ರೆ ನನ್ನ ಹಿಡಿಯಾಕೆ ಜೀಪ್ಯಾಕೆ? ನಾಕ್ ಜನ ಯಾಕೆ? ಚಾಕು ಯಾಕೆ? ಮೂಟೆ ಹೊತ್ಕಂಡ್ ನಿಂತಾಗ್ಲೇ ಒಂದ್ ಚುಚ್ಚಿ, ಹೋಗೋ ಅಂತಿದ್ರು. ಕೊಯ್ದಿದ್ದು ಎಲ್ಲಿ ಅಂತ ಬೇಕಾದ್ರೆ ಗಂಡಸ್ರು ಮರದ ಹಿಂದಕ್ಕೆ ಬರ್ರಿ, ತೋರುಸ್ತೀನಿ.”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಂಡಸರು ಬಿದ್ದು ಬಿದ್ದು ನಕ್ಕರು. ಜವರಯ್ಯನೂ ನಕ್ಕ. ನಗು ಮುಗಿದ ಮೇಲೆ, “ನಂಗೆ ಮಕ್ಳಿಲ್ಲ. ನಿಮಗವೆ. ಇರೋದ್ನ ಉಳುಸ್ಕಳಿ” ಎಂದು ವಸ್ತ್ರ ಕೊಡವಿ ಹೊರಟೇಬಿಟ್ಟ. ಮೊದಲು ಎದ್ದವಳು ಕೂಸು ಕಳೆದುಕೊಂಡ ಚಿಕ್ಕಮ್ಮ. ತನ್ನ ದೊಡ್ಡ ಮಗಳ ತೋಳು ಹಿಡಿದು ತಂದು ಹುಲಿಯಮ್ಮನ ಮುಂದೆ ನಿಲ್ಲಿಸಿದಳು.

ಊರೆಲ್ಲ ಬಂತು, ಸೋಮಶೇಖರಪ್ಪನವರ ಮನೆ ಬರಲಿಲ್ಲ. ಅವರು ಜವರಯ್ಯನ ಮಾತು ಕೇಳದವರೇನಲ್ಲ; ಜಗಲಿಯ ಮೇಲೆ ಕೂತು ಪ್ರತಿ ಪದ ಕೇಳಿದ್ದರು. ಆ ಜಗಲಿಯ ಕೆಳಗೇ ಹುಲಿಯಮ್ಮ ಇಷ್ಟು ವರ್ಷ ನಿಂತು ಮಾತಾಡಿದ್ದು, ಅಲ್ಲೇ ಎತ್ತರದಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಕುಡಿದಿದ್ದು. ಸೊಸೆ ತೀರ್ಥಮ್ಮನ ಹೆರಿಗೆ ಹೊತ್ತಿನಲ್ಲಿ ಮಾತ್ರ ಒಳಗೆ ಕರೆದರು. ಆಮೇಲೆ ಮನೆ ತೊಳೆಸಿದರು. “ಸೂಜೀಗೆ ಹೆದ್ರುತಾರೋ, ಸೂಜಿ ಹಿಡ್ದಿರೋ ಕೈಗೆ ಹೆದ್ರುತಾರೋ ನಂಗೆ ಗೊತ್ತಿಲ್ವಾ? ಕೈ ವಿಷ್ಯ ಈಗ ಬಾಯ್ಬಿಟ್ಟು ಹೇಳಂಗಿಲ್ಲ. ಅದ್ಕೇ ಸೂಜಿ ಮೇಲೆ ಹಾಕ್ತಾರೆ” ಎನ್ನುತ್ತಾರೆ ಹುಲಿಯಮ್ಮ. ಈ ನರ್ಸು ಬೇಡ, ಬೇರೆಯವರನ್ನು ಹಾಕಿ ಎಂದು ಯಜಮಾನರು ತರೀಕೆರೆಗೆ ಅರ್ಜಿ ಕೊಟ್ಟಿರುವುದೂ ಅವರಿಗೆ ಗೊತ್ತು.

ಬೂದಿಕಟ್ಟೆ ತಲುಪಿದಾಗ ಬಿಸಿಲು ಇನ್ನೂ ಎಳೆಯದು. ಅರಳಿಕಟ್ಟೆಯ ಬಳಿ ಸ್ಟವ್ ಹೊತ್ತುತ್ತದೆ, ಸಿರಿಂಜು ಮತ್ತೆ ಕುದಿಯುತ್ತದೆ. ಹೆಂಗಸರು ಬಗ್ಗಿ ಬಗ್ಗಿ ನೋಡುತ್ತಾರೆ. ಒಂದೊಂದೇ ಮಗು ಬರುತ್ತದೆ, ಕಿರುಚುತ್ತದೆ, ಬೆಲ್ಲದ ಚೂರು ಕಚ್ಚಿ ಸುಮ್ಮನಾಗುತ್ತದೆ. ಎಲ್ಲ ಮುಗಿದು ಸೀಸೆಯಲ್ಲಿ ಇನ್ನೂ ಔಷಧ ಉಳಿದಿದೆ. ಹುಲಿಯಮ್ಮ ಫ್ಲಾಸ್ಕು ಎತ್ತಿಕೊಂಡು ನೇರ ಯಜಮಾನರ ಜಗಲಿಯ ಮುಂದೆ ಹೋಗಿ ನೆಲದ ಮೇಲೆ ಕೂರುತ್ತಾರೆ.

“ಏನಮ್ಮಾ, ಅವತ್ತೇ ಹೇಳಿದ್ನಲ್ಲ, ನಮ್ಮನೆಗೆ ಬೇಡ ಅಂತ.”

“ಹೇಳಿದ್ರಿ ಯಜಮಾನ್ರೇ. ಐಸು ಕರಗೋಗಂಟ ಕೂತಿರ್ತೀನಿ.”

“ನನ್ನ ವಂಶಕ್ಕಿರೋದು ಅದೊಂದೇ ಗಂಡು ಕುಡಿ. ಅದನ್ನೂ ನಿಲ್ಸಾಕೆ ಬಂದಿದೀಯಾ?”

ಅಷ್ಟರಲ್ಲಿ ಒಳಗಿನಿಂದ ತೀರ್ಥಮ್ಮ ಬರುತ್ತಾಳೆ. ಸೊಂಟದ ಮೇಲೆ ಕೂಸು. ಮಾವನ ಮುಂದೆ ಎಂದೂ ದನಿ ಎತ್ತದ ಹೆಣ್ಣುಮಗಳು. ಪಕ್ಕದ ಹಟ್ಟಿಯ ಕೆಮ್ಮು ಬೆಳಗಿನ ಜಾವ ಗಾಳಿಯಲ್ಲಿ ಅವಳಿಗೂ ಕೇಳಿದೆ.

“ಮಾವಯ್ಯಾ, ಹೋದ ಮುಂಗಾರಿಗೆ ಗಂಟಲುಬೇನೆ ಬತ್ತದೆ ಅಂತ ಕೊಟ್ಟಿಗೇಲಿರೋ ದನಕ್ಕೆಲ್ಲ ನೀವೇ ನಿಂತು ಸೂಜಿ ಹಾಕ್ಸಿದ್ರಿ. ಮೊನ್ನೆ ಗೌರಿ ಕರು ಹಾಕ್ತಲ್ಲ, ಅದನ್ನ ನಿಲ್ಸೋದು ಸರ್ಕಾರ ಮರ್ತುಬಿಡ್ತಾ?”

ಬೀದಿಯಲ್ಲಿ ನಿಂತವರು ಯಾರೋ ಕಿಸಕ್ಕೆಂದರು. ಯಜಮಾನರ ಮುಖ ಕೆಂಪಾಯಿತು. “ದನ ಬೇರೆ, ಮನುಷ್ರು ಬೇರೆ ಕಣಮ್ಮಾ!”

“ಅದೇ ನಾನೂ ಹೇಳ್ತಿರೋದು. ದನಕ್ಕಿರೋ ಕಾಳಜಿ ಮನುಷ್ರಿಗೂ ಇರ್ಲಿ ಅಂತ.” ತೀರ್ಥಮ್ಮ ಜಗಲಿ ಇಳಿದು ಹುಲಿಯಮ್ಮನ ಎದುರು ಮಂಡಿಯೂರಿ ಕೂತಳು. “ಹಾಕ್ರಕ್ಕಾ.”

ಹುಲಿಯಮ್ಮ ತಡಮಾಡಲಿಲ್ಲ. ಸೂಜಿ ಒಳಹೊಕ್ಕು ಹೊರಬಂತು. ಕೂಸಿನ ಅಳು ತಮಟೆಯನ್ನೂ ಮೀರಿಸಿತು.

“ಜ್ವರ ಬಂದ್ರೆ?” ಎಂದು ಗದರಿದರು ಸೋಮಶೇಖರಪ್ಪ. ಗದರಿಕೆಯೊಳಗೆ ಅಜ್ಜನ ನಡುಕವಿತ್ತು.

“ಬಂದೇ ಬತ್ತದೆ. ಬರ್ಲಿ, ಔಷಧ ಕೆಲ್ಸ ಮಾಡ್ತಾ ಐತೆ ಅಂತ ಅರ್ಥ. ನಾಳೆಗೆ ಇಳೀತದೆ. ಇಳಿಯೋಗಂಟ ನಾನು ಎಲ್ಲೂ ಹೋಗಲ್ಲ ಯಜಮಾನ್ರೇ. ನಿಮ್ಮ ಜಗಲಿ ಮೇಲೇ ಮಲಗ್ತೀನಿ. ಜಾಗ ಕೊಡ್ತೀರಾ?”

ಯಜಮಾನರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಒಳಗೆ ನಡೆದರು. ತೀರ್ಥಮ್ಮ ಅವರ ಬೆನ್ನಿಗೇ ಒಳಹೋಗಿ ಒಂದು ಚಾಪೆ ತಂದಳು. ತಂದು ಜಗಲಿಯ ಕೆಳಗಲ್ಲ, ಮೇಲೆ ಹಾಸಿದಳು.

ಹುಲಿಯಮ್ಮ ಮೆಟ್ಟಿಲು ಹತ್ತಿ ಅದರ ಮೇಲೆ ಕೂತರು. ಪಕ್ಕದಲ್ಲಿ ಖಾಲಿ ಫ್ಲಾಸ್ಕು. ನಿಮಗೇನು ಬೇಕು, ಅಜ್ಜಂಪುರದಲ್ಲಿ ಒಂದು ಒಳ್ಳೆಯ ಮನೆಯೇ, ಮೇಲಿನ ಹುದ್ದೆಯೇ ಎಂದರೆ ನಗುತ್ತಾರೆ. “ಅರ್ಜಿ ಮೇಲೆ ನನ್ನ ಇಲ್ಲಿಂದ ಎತ್ತಾಕದೆ ಇದ್ರೆ ಸಾಕು. ಎತ್ತಾಕಿದ್ರೂ ಈ ಕೂಸಿಗೆ ಇನ್ನೆರಡು ಸೂಜಿ ಅದೆ. ಅದು ಹಾಕ್ದಲೆ ನಾನು ಹೋಗಲ್ಲ. ಬೇಕಾದ್ರೆ ಅವ್ರೂ ಜೀಪ್ ತರ್ಲಿ.”

ಆ ಹೊತ್ತಿಗೆ ಊರ ಬಾಗಿಲ ಕಡೆಯಿಂದ ತಮಟೆ ಕೇಳುತ್ತದೆ. ಕಲ್ಲಪ್ಪ ಪಕ್ಕದ ಹಟ್ಟಿಗೆ ನಾಡಿದ್ದಿನ ಸೂಜಿ ಸಾರಲು ಹೊರಟಿದ್ದಾನೆ. ಅವನನ್ನು ಎದುರಿಗೆ ಕೂರಿಸಿಕೊಂಡು ಹುಲಿಯಮ್ಮ ಆ ಮಾತನ್ನು ಎಷ್ಟು ಸಲ ಹೇಳಿಸಿದ್ದಾರೋ ಲೆಕ್ಕವಿಲ್ಲ. ಈಗ ಮುದುಕ ಉಸಿರು ತುಂಬಿಕೊಂಡು ಕೂಗುತ್ತಾನೆ.

“ನಾಯಿಕೆಮ್ಮು ಮಕ್ಳಿ... ಗೇ... ಏ... ಏ! ಆಗ್ದಂಗೆ ಸೂಜಿ ಹಾಕ್ತಾರ್ರಪ್ಪೋ!”

ಬೀದಿಯ ಮಕ್ಕಳೆಲ್ಲ ಅವನ ಹಿಂದೆ ‘ಗೇ ಏ ಏ’ ಎಂದು ಕೂಗುತ್ತ ಓಡುತ್ತವೆ. ಜಗಲಿಯ ಮೇಲೆ ಕಾಲು ಚಾಚಿ ಕೂತ ಹುಲಿಯಮ್ಮ ಕಿವಿಗೊಟ್ಟು ಕೇಳುತ್ತಾರೆ.

“ಕೇಳಿಸ್ತಾ? ಆ ‘ಗೆ’ ನಂದು ಕಣ್ರೀ.”